ಐವತ್ತೆರಡು ಹಲ್ಲಿನ ಚಕ್ರ

ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ಉಗುರು ಸಂದಿಯ ಕಪ್ಪು ಬಿಡಲಿಲ್ಲ. ಪಕ್ಕದ ಮನೆಯ ಹೂವಮ್ಮ ಮೊದಲು ಸೀಗೆಪುಡಿ ಹಾಕಿದ್ದಳು, ಆಮೇಲೆ ಪಾತ್ರೆ ತಿಕ್ಕುವ ಪುಡಿ, ಈಗ ಹಲ್ಲುಜ್ಜುವ ಹಳೆಯ ಬ್ರಷ್ಷು ಹಿಡಿದು ಕೂತಿದ್ದಳು. ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ, ಗದ್ದ ಜಾರದಂತೆ ಬಿಳಿಬಟ್ಟೆಯಿಂದ ಕಿಟಕಿಯ ಸರಳಿಗೆ ಕಟ್ಟಿದ್ದ ಮುರುಗೇಶಪ್ಪನ ಎಡಗೈ ಅವಳ ಮಡಿಲಲ್ಲಿತ್ತು. ಬದುಕಿದ್ದಾಗ ಬೆನ್ನು ನೆಟ್ಟಗೆ ಮಾಡಿ ಒಂದು ಗಳಿಗೆ ಕೂತವನಲ್ಲ. ಈಗ ಹಣೆ ತುಂಬ ವಿಭೂತಿ ಬಳಿಸಿಕೊಂಡು, ತಪ್ಪು ಮಾಡಿ ಮೇಷ್ಟರ ಮುಂದೆ ಕೂತವನ ಹಾಗೆ ಕೂತಿದ್ದ.

"ಬಿಡು ಹೂವಮ್ಮ, ಅದು ಹೋಗೋ ಪೈಕಿ ಅಲ್ಲ," ಎಂದಳು ಹೆಂಡತಿ ಮಹಾಂತಮ್ಮ. "ಮೂವತ್ತು ವರ್ಷ ನಾನೂ ತಿಕ್ಕೀನಿ."

"ಅಂಗೈ ಮೇಲೆ ಲಿಂಗ ಇಡೋದಲ್ವೇನೇ ಮಾರಾಯ್ತಿ. ಅಯ್ನೋರು ನೋಡಿದ್ರೆ ಏನಂದ್ಕೋತಾರೆ?"

ಹೊಸ್ತಿಲ ಬಳಿ ಬಿಲ್ವಪತ್ರೆ ಆರಿಸುತ್ತಿದ್ದ ಅಯ್ಯನವರು ತಲೆ ಎತ್ತದೆ ಹೇಳಿದರು: "ಎಣ್ಣೆ ತಾನೆ? ಪಾಪ ಅಲ್ಲವಲ್ಲ. ಬಿಟ್ಟುಬಿಡಿ ತಾಯಿ, ಹೊತ್ತಾಗ್ತದೆ."

ಮಗಳು ಸ್ಫೂರ್ತಿ ಅಲ್ಲೇ ಪಕ್ಕದಲ್ಲಿ ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಚೀಲವನ್ನು ಚಾಪೆಯ ಮೇಲೆ ಸುರಿದಳು. ಕನ್ನಡಕ. ವಾಚು. ಬಾಚಣಿಗೆ. ಮಲವಗೊಪ್ಪದಿಂದ ಶಿವಮೊಗ್ಗಕ್ಕೆ ಹರಿಸಿದ ಬಸ್ ಟಿಕೇಟು. ಕಾಗದದಲ್ಲಿ ಸುತ್ತಿದ, ಕಪ್ಪು ರಬ್ಬರಿನ ಒಂದು ಪುಟ್ಟ ಉಂಗುರ.

"ಇದೇನು, ಕುಕ್ಕರಿನ ಗ್ಯಾಸ್ಕೆಟ್ಟಾ?" ಹೂವಮ್ಮ ಬಗ್ಗಿ ನೋಡಿದಳು. "ಇಷ್ಟು ಸಣ್ಣದು ಯಾವ ಕುಕ್ಕರಿಗೆ?"

"ಆಯಿಲ್ ಸೀಲು," ಎಂದಳು ಸ್ಫೂರ್ತಿ. "ಗಿಡ್ಡೀದು."

ನಿನ್ನೆ ಬೆಳಿಗ್ಗೆ ಅಪ್ಪ ಶಿವಮೊಗ್ಗದ ಬಿಡಿಭಾಗದ ಅಂಗಡಿಯ ಮುಂದೆ ನಿಂತು, ಇದನ್ನು ಜೇಬಿಗೆ ಹಾಕಿಕೊಂಡು, ಒಂದು ಲೋಟ ನೀರು ಕೇಳಿ, ನೀರು ಬರುವಷ್ಟರಲ್ಲಿ ಕುಸಿದಿದ್ದ. ಅಂಗಡಿಯವನು ಫೋನಿನಲ್ಲಿ ಹೇಳಿದ್ದು ಅಷ್ಟೇ. ಅವಳಿಗೆ ಅರ್ಥವಾಗದೆ ಇದ್ದದ್ದು ಬೇರೆ. ಆ ಗಾಡಿ ನನಗೆ ಬೇಡ ಎಂದು ಅವಳು ಭಾನುವಾರವೇ ಹೇಳಿಬಿಟ್ಟಿದ್ದಳು. ಹಾಗಿದ್ದರೆ ಗುರುವಾರ ಅಪ್ಪ ಯಾರಿಗಾಗಿ ಸೀಲು ತರಲು ಹೋದ? ಅವಳು ಅವನೊಂದಿಗೆ ಆಡಿದ ಕೊನೆಯ ಮಾತು, "ನಿನಗೆ ತಲೆ ಕೆಟ್ಟಿದೆ ಅಪ್ಪಾಜಿ." ಅದು ನಿಜವಾಗಿದ್ದರೆ ಒಂದು ಥರ. ಸುಳ್ಳಾಗಿದ್ದರೆ?

ಸೀಲನ್ನು ಚೂಡಿದಾರದ ಜೇಬಿಗೆ ಹಾಕಿಕೊಂಡಳು.

*

ಗಿಡ್ಡಿ ಎಂದು ಹೆಸರಿಟ್ಟವಳು ಮಹಾಂತಮ್ಮ. ಸ್ಕೂಟರಿನ ಅಳತೆಯ ಚಕ್ರ, ಮೊಣಕಾಲೆತ್ತರದ ಸೀಟು, ಎಮ್ಮೆಕೋಡಿನಂಥ ಹ್ಯಾಂಡಲ್ಲು. ದೊಡ್ಡ ಬೈಕೊಂದನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದಾಗ ಕುಗ್ಗಿಹೋದಂತೆ ಕಾಣುವ ಹಳೆಯ ಕಾಲದ ಮಿನಿ ಬೈಕು. ಮೂರು ವರ್ಷದ ಹಿಂದೆ ಭದ್ರಾವತಿಯ ಹಳೇನಗರದಲ್ಲಿ ಯಾರದೋ ಹಿತ್ತಲಲ್ಲಿ ಬಿದ್ದಿತ್ತು. ಕೋಳಿ ಅದರ ಸೀಟಿನ ಕೆಳಗೆ ಮೊಟ್ಟೆ ಇಡುತ್ತಿತ್ತು. ಮುರುಗೇಶಪ್ಪ ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದು ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಇಳಿಸಿದ.

"ಮೂರು ಕಡೆ ಸೋರ್ತದೆ," ಎಂದಿದ್ದ. "ಎಣ್ಣೆ ಸೋರೋದು ಅಂದ್ರೆ ಜ್ವರ ಇದ್ದ ಹಾಗೆ. ಒರೆಸಿದ್ರೆ ಹೋಗಲ್ಲ. ಎಲ್ಲಿಂದ ಅಂತ ನೋಡ್ಬೇಕು."

ಅವನು ನೋಡುತ್ತಿದ್ದ ಬಗೆಯೇ ಬೇರೆ. ಇಂಜಿನ್ನನ್ನು ಡೀಸೆಲಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ, ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು ಪುಡಿಮಾಡಿ ಉದ್ದಕ್ಕೂ ಉದುರಿಸುತ್ತಿದ್ದ. "ಗಾಡಿಗೂ ದೀಕ್ಷೆ ಕೊಡ್ತೀರಾ?" ಎಂದು ಮಹಾಂತಮ್ಮ ಬಯ್ಯುತ್ತಿದ್ದಳು. ಐದು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿದರೆ, ಬಿಳಿಯ ಮೇಲೆ ಒಂದು ಕಡೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತಿತ್ತು. "ನೋಡು, ಇಲ್ಲಿ," ಎಂದು ಮಗಳಿಗೆ ತೋರಿಸುತ್ತಿದ್ದ. ಕ್ಲಚ್ಚಿನ ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ ಸಿಗದಾಗ ಮದುವೆ ಕಾರ್ಡನ್ನು ಮುಚ್ಚಳದ ಮೇಲಿಟ್ಟು, ಸುತ್ತಿಗೆಯ ಗುಂಡುತಲೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುವುದನ್ನು ಕಲಿಸಿದ. ಅಂಚು ತಾನೇ ಕಾರ್ಡನ್ನು ಕತ್ತರಿಸಿಕೊಡುತ್ತದೆ. ಹಾಗೆ ಯಾರೋ ಚಿರಂಜೀವಿ, ಯಾರೋ ಸೌಭಾಗ್ಯವತಿ ಗಿಡ್ಡಿಯ ಕ್ಲಚ್ಚಿನೊಳಗೆ ಸೇರಿಕೊಂಡರು. ಎರಡು ಸೋರಿಕೆ ನಿಂತವು. ಮೂರನೆಯದು, ಚೈನಿನ ಮುಂದಿನ ಹಲ್ಲುಚಕ್ರದ ಹಿಂದಿನದು, ನಿಲ್ಲಲಿಲ್ಲ. ಆ ಅಳತೆಯ ಸೀಲು ಸಿಕ್ಕಿರಲಿಲ್ಲ.

"ಮುಗೀಲಿ, ನಿನ್ನ ಲ್ಯಾಬಿಗೆ ಇದರಲ್ಲೇ ಹೋಗು," ಎಂದಿದ್ದ. ಸ್ಫೂರ್ತಿ ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಬೆಳಗಿನ ಬಸ್ಸಿನಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಮೂರು ವರ್ಷ ಅವಳು ಆ ಗಾಡಿಗಾಗಿ ಕಾದಿದ್ದಳು.

ಹೋದ ಭಾನುವಾರ ಕೀ ಕೊಟ್ಟ. ಅವಳು ಹೆದ್ದಾರಿಗೆ ಹತ್ತಿಸಿ ಗೇರಿನ ಮೇಲೆ ಗೇರು ಹಾಕಿದಳು. ಇಂಜಿನ್ನು ಕಿರುಚಿತು, ಮುಳ್ಳು ಮೂವತ್ತು ದಾಟಲಿಲ್ಲ. ಹಿಂದೆ ಲಾರಿ, ಅದರ ಹಿಂದೆ ಬಸ್ಸು, ಎಲ್ಲರದೂ ಹಾರನ್ನು. ಅರ್ಧ ದಾರಿಯಿಂದ ವಾಪಸು ಬಂದು ಬಗ್ಗಿ ನೋಡಿದಳು. ಹಿಂದಿನ ಚಕ್ರಕ್ಕೆ ಊಟದ ತಟ್ಟೆಯಷ್ಟು ಅಗಲದ ಹೊಸ ಹಲ್ಲುಚಕ್ರ ಕೂತಿತ್ತು. ಎಣಿಸಿದಳು. ಐವತ್ತೆರಡು ಹಲ್ಲು. ಮೊದಲು ಮೂವತ್ತೆಂಟಿತ್ತು. ಹಲ್ಲು ಹೆಚ್ಚಿದಷ್ಟೂ ಗಾಡಿ ನಿಧಾನ.

"ಏನು ಮಾಡಿದೀಯ ಅಪ್ಪಾಜಿ ಇದಕ್ಕೆ?"

"ಸರಿ ಮಾಡಿದೀನಿ."

"ಇದು ಸರೀನಾ? ಹುಲ್ಲಿನ ಹೊರೆ ಹೊತ್ತ ಮೊಪೆಡ್ಡು ನನ್ನನ್ನ ಹಿಂದೆ ಹಾಕಿ ಹೋಯ್ತು!"

"ಫಸ್ಟ್ ಗೇರಲ್ಲಿ ಹೋಗಿ ನೋಡಿದ್ಯಾ?"

"ಫಸ್ಟ್ ಗೇರಲ್ಲಿ ಶಿವಮೊಗ್ಗಕ್ಕೆ ಯಾರು ಹೋಗ್ತಾರೆ? ನಿನಗೆ ತಲೆ ಕೆಟ್ಟಿದೆ ಅಪ್ಪಾಜಿ."

ಅವನು ಬಗ್ಗಿ ನೋಡಿದ. ಗಾಡಿಯ ಕೆಳಗೆ ಎಣ್ಣೆ ತೊಟ್ಟಿಕ್ಕಿ ನೆಲದ ಮೇಲೆ ನಾಣ್ಯದಗಲ ನಿಂತಿತ್ತು. ಮೂಲೆಯ ಡಬ್ಬದಿಂದ ಒಂದು ಹಿಡಿ ಮಣ್ಣು ತಂದು ಅದರ ಮೇಲೆ ಹಾಕಿದ. ಎಣ್ಣೆ ಬಿದ್ದಲ್ಲೆಲ್ಲ ಹಾಗೆ ಮಾಡುವುದು ಅವನ ರೂಢಿ. ಯಾರೂ ಜಾರಬಾರದು ಅಂತ. ಆಮೇಲೆ ಮೂರು ದಿನ ಅಪ್ಪ ಮಗಳು ಮಾತಾಡಲಿಲ್ಲ.

*

"ಆ ಗುಜರೀನ ಆಚೆ ತಳ್ಳಿಸ್ತೀನಿ, ಶಾಮಿಯಾನ ಹಾಕೋಕೆ ಜಾಗ ಇಲ್ಲ," ಎಂದು ಶಿವರಾಜ್ ಅಂಗಳದಿಂದ ಕೂಗಿದ. ಮುರುಗೇಶಪ್ಪನ ತಮ್ಮ. ಹೆದ್ದಾರಿ ಪಕ್ಕದ ಖಾಸಗಿ ಫೌಂಡ್ರಿಯಲ್ಲಿ ಲೇಬರ್ ಕಂಟ್ರಾಕ್ಟರನ ಸೂಪರ್‌ವೈಸರ್. ಎರಡು ಕೈಯಲ್ಲಿ ಎರಡು ಫೋನು. ಸಾವಿನ ಮನೆಯ ಕೆಲಸವನ್ನೆಲ್ಲ ಅವನೇ ಮೈಮೇಲೆ ಹಾಕಿಕೊಂಡಿದ್ದ, ಅದು ಸುಳ್ಳಲ್ಲ. ಬೆಳಗಿನಿಂದ ಒಂದು ಗುಟುಕು ಕಾಫಿ ಕುಡಿದಿರಲಿಲ್ಲ.

"ಚಿಕ್ಕಪ್ಪ, ಅದು ಇರಲಿ," ಎಂದಳು ಸ್ಫೂರ್ತಿ.

"ಇರಲಿ ಅಂದ್ರೆ? ಓಡಲ್ಲ, ಒಯ್ಯಲ್ಲ. ಅಣ್ಣನಿಗೆ ಕಡೆ ಕಡೆಗೆ ಸ್ತಿಮಿತ ಇರಲಿಲ್ಲಮ್ಮ, ನಿನಗೂ ಗೊತ್ತು. ನೀರಿನ ಚಾನಲ್ ಏರಿ ಮೇಲೆ ವಾಚ್ ಹಿಡ್ಕೊಂಡು ಒಬ್ಬನೇ ನಡೀತಿದ್ದನಂತೆ, ಕರೆಂಟ್ ಕಂಬದಿಂದ ಕಂಬಕ್ಕೆ."

"ನಾನೇ ನೋಡಿದೀನಿ," ಹೂವಮ್ಮ ಸೇರಿಸಿದಳು. "ಏನ್ ಮುರುಗೇಶಣ್ಣ, ಶುಗರ್ರಾ ಅಂದೆ. ಇಲ್ಲ, ಐವತ್ತೈದು ಅಂದ್ರು. ನಂಗೇನು ಗೊತ್ತು ಐವತ್ತೈದು ಏನಂತ? ವಯಸ್ಸು ಕೇಳಿದ್ನಾ ನಾನು? ವಯಸ್ಸು ಅರವತ್ತೆರಡು."

ಯಾರೋ ನಕ್ಕು, ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು. ಸ್ಫೂರ್ತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರೂ ಅವಳು ಹೇಳಿದ ಮಾತನ್ನೇ ಹೇಳುತ್ತಿದ್ದರು: ತಲೆ ಕೆಟ್ಟಿತ್ತು. ಎಲ್ಲರೂ ಒಪ್ಪಿದರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಆಗ ಆಟೋ ಬಂದು ನಿಂತಿತು. ಮೊದಲು ಎರಡು ಊರುಗೋಲು ಹೊರಗೆ ಬಂದವು, ಆಮೇಲೆ ಒಬ್ಬ ಗಂಡಸು. ಬಲಗಾಲು ಮೊಣಕಾಲಿಗೇ ಮುಗಿದಿತ್ತು. ಹಿಂದೆ ಅವನ ಹೆಂಡತಿ, ಕೈಗೆ ಮೊಣಕೈವರೆಗೆ ಫೌಂಡ್ರಿಯ ಮರಳು ಜರಡಿ ಹಿಡಿದ ಗುರುತು. ಶಿವರಾಜ್ ಎರಡು ಹೆಜ್ಜೆಯಲ್ಲಿ ಅವರ ಮುಂದೆ ನಿಂತ.

"ಭೂತಪ್ಪ, ಇವತ್ತು ಗಲಾಟೆ ಬೇಡ ಮಾರಾಯ."

"ಗಲಾಟೆ ಮಾಡೋಕೆ ಎರಡು ಕಾಲು ಬೇಕು ಶಿವರಾಜಣ್ಣ," ಎಂದ ಭೂತಪ್ಪ. "ನೋಡೋಕೆ ಬಂದೆ."

"ಹಾರ ತಂದಿಲ್ಲ," ಎಂದಳು ಅವನ ಹೆಂಡತಿ ಉಚ್ಚಂಗಮ್ಮ, ಯಾರೂ ಕೇಳದಿದ್ದರೂ. "ತರಬೇಕೋ ಬೇಡವೋ ಅಂತ ಭದ್ರಾವತಿ ಬಸ್‌ಸ್ಟ್ಯಾಂಡಲ್ಲಿ ಅರ್ಧ ಗಂಟೆ ಜಗಳ ಆಡಿದ್ವಿ, ನಾನೂ ಇವರೂ. ಬಸ್ಸೂ ಹೋಯ್ತು, ಹಾರಾನೂ ಇಲ್ಲ."

ಭೂತಪ್ಪ ಒಳಗೆ ಹೋಗಿ ಮುರುಗೇಶಪ್ಪನ ಎದುರು ನಿಂತ. ಕೈ ಮುಗಿಯಲು ಊರುಗೋಲು ಬಿಡಬೇಕು, ಬಿಡಲಿಲ್ಲ. ಬಹಳ ಹೊತ್ತು ನೋಡಿದ. ಆ ಮುಖದಲ್ಲಿ ಏನಿದೆ ಎಂದು ಸ್ಫೂರ್ತಿ ಹುಡುಕಿದಳು. ದುಃಖವೆಂದರೆ ದುಃಖ, ಸಿಟ್ಟೆಂದರೆ ಸಿಟ್ಟು.

"ಸೋಮವಾರದವರೆಗೆ ಇರೋಕಾಗ್ಲಿಲ್ವೇನೋ ನಿನಗೆ," ಎಂದು ಹೆಣಕ್ಕೆ ಹೇಳಿ, ತಿರುಗಿ ಹೊರಗೆ ಬಂದ.

*

ಶೆಡ್ಡಿನಲ್ಲಿ ಅವನಿಗೊಂದು ಸ್ಟೂಲು ಕೊಟ್ಟು ಸ್ಫೂರ್ತಿ ಎದುರು ನಿಂತಳು.

"ಸೋಮವಾರ ಏನಿತ್ತು?"

ಭೂತಪ್ಪ ಕತ್ತು ಚಾಚಿದ. ಅವನ ಕಣ್ಣು ಗಿಡ್ಡಿಯ ಹಿಂದಿನ ಗೋಡೆಯ ಮೇಲಿತ್ತು. ಅಲ್ಲಿ ಸೀಮೆಸುಣ್ಣದಲ್ಲಿ ಅಪ್ಪನ ಅಕ್ಷರ: *ಕಂಬದಿಂದ ಕಂಬ, ಸೆಕೆಂಡು. ೫೫. ೫೮. ಹೆಂಗಸರು ೫೫. ಸಂಜೆ, ದಣಿದಾಗ, ೬೦.*

"ಉಚ್ಚಂಗಿ, ನೋಡೇ ಇಲ್ಲಿ. ನಿನ್ನ ನಡಿಗೆ ಗೋಡೆ ಮೇಲಿದೆ."

ಉಚ್ಚಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಶಿವನೇ. ಮೂರು ವಾರದ ಹಿಂದೆ ಬಂದಿದ್ರಮ್ಮ ನಿಮ್ಮಪ್ಪ. ಶಿಫ್ಟ್ ಬಿಟ್ಟು ಬರ್ತಿದ್ವಿ ನಾವು ಎಂಟು ಜನ. ಮೆರವಣಿಗೇಲಿ ನಡೆಯೋ ಹಾಗೆ ನಡೀರಿ ಅಂದ್ರು. ವಾಚ್ ಹಿಡ್ಕೊಂಡು ಪಕ್ಕದಲ್ಲೇ ಬಂದ್ರು. ನಾವು ನಕ್ಕಿದ್ದೇ ನಕ್ಕಿದ್ದು."

"ಯಾಕಂತ ಹೇಳ್ಲಿಲ್ವಾ?"

"ಹೋದ ತಿಂಗಳು ಫೌಂಡ್ರೀಲಿ ನಮ್ಮವಳೊಬ್ಬಳ ಕೈ ಬೆಲ್ಟಿಗೆ ಸಿಕ್ಕು ಹೋಯ್ತಲ್ಲ, ಅದಕ್ಕೆ ಸೋಮವಾರ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಡಿಸಿ ಆಫೀಸಿನ ತನಕ ನಡ್ಕೊಂಡು ಹೋಗ್ತಿದೀವಿ," ಎಂದ ಭೂತಪ್ಪ. "ಹದಿನೆಂಟು ಕಿಲೋಮೀಟರು. ನಿಮ್ಮಪ್ಪ, ನಾನೂ ಬರ್ತೀನಿ, ನಿನ್ನನ್ನೂ ಕರ್ಕೊಂಡು ಹೋಗ್ತೀನಿ ಅಂದ. ಆಟೋ ಮಾಡ್ಕೋತೀನಿ ಬಿಡಣ್ಣ ಅಂದೆ. ಆಟೋದಲ್ಲಿ ಬಂದವನು ನೋಡೋಕೆ ಬಂದವನು ಕಣೋ, ನೀನು ಅವರ ಮಧ್ಯೆ, ಅವರ ಹೆಜ್ಜೆಗೇ ಬರ್ಬೇಕು ಅಂದ. ಯಾವ ಗಾಡಿ ಹೆಜ್ಜೆಗೆ ಹೋಗ್ತದೆ ಮಾರಾಯ ಅಂದೆ. ವಾಚ್ ತೆಗೆದ."

ಸ್ಫೂರ್ತಿ ಹಿಂದಿನ ಚಕ್ರವನ್ನು ನೋಡಿದಳು. ಐವತ್ತೆರಡು ಹಲ್ಲು.

"ಅಲ್ಲಿಗೆ ಹೋಗಿ ಅಪ್ಪಾಜಿ ಏನು ಮಾಡ್ತಿದ್ರು?"

"ಕೊಕ್ಕೆ ವಿಷಯ ಹೇಳ್ತಿದ್ದ."

"ಯಾವ ಕೊಕ್ಕೆ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿನಗೆ ಗೊತ್ತಿಲ್ವಾ ಮಗಳೇ?" ಎಂದಳು ಉಚ್ಚಂಗಮ್ಮ.

*

ಹದಿನಾರು ವರ್ಷದ ಹಿಂದೆ ಅದೇ ಫೌಂಡ್ರಿಯಲ್ಲಿ ಹನ್ನೊಂದು ಕ್ರೇನುಗಳಿದ್ದವು, ಅವನ್ನು ನೋಡಿಕೊಳ್ಳಲು ಒಬ್ಬ ಫಿಟ್ಟರ್ ಇದ್ದ. ಮುರುಗೇಶಪ್ಪ. ಪ್ರತಿ ಕ್ರೇನಿನ ಕೊಕ್ಕೆಯನ್ನು ದಿನವೂ ಕೆಳಗಿಳಿಸಿ, ಒರೆಸಿ, ಬಿರುಕಿದೆಯೇ ಎಂದು ನೋಡಿ, ಹಾಳೆಯ ಮೇಲೆ ಟಿಕ್ ಹಾಕಬೇಕು. ಕೊಕ್ಕೆ ಇಳಿಸಬೇಕೆಂದರೆ ಕ್ರೇನು ನಿಲ್ಲಬೇಕು. ಕ್ರೇನು ನಿಲ್ಲಲು ಮ್ಯಾನೇಜರು ಬಿಡುತ್ತಿರಲಿಲ್ಲ. ಹಾಳೆ ಖಾಲಿ ಇರಲೂ ಬಿಡುತ್ತಿರಲಿಲ್ಲ. ಆದ್ದರಿಂದ ಎಲ್ಲ ಕಡೆಯ ಫಿಟ್ಟರುಗಳೂ ಮಾಡುವುದನ್ನೇ ಅವನೂ ಮಾಡುತ್ತಿದ್ದ. ತಿಂಗಳ ಕೊನೆಯ ದಿನ ಚಹಾ ಕುಡಿಯುತ್ತ ಮೂವತ್ತು ದಿನದ ಟಿಕ್ ಒಟ್ಟಿಗೆ ಹಾಕುತ್ತಿದ್ದ. ಕೈಬರಹ ಒಂದೇ ಥರ ಕಾಣಬಾರದೆಂದು ನಡುನಡುವೆ ಪೆನ್ನು ಬದಲಿಸುತ್ತಿದ್ದ.

ಏಳನೆಯ ಕ್ರೇನಿನ ಕೊಕ್ಕೆ ಮುರಿದಾಗ ಕೆಳಗೆ ಭೂತಪ್ಪನಿದ್ದ. ಕೊಕ್ಕೆಯಲ್ಲಿ ನೇತಾಡುತ್ತಿದ್ದದ್ದು ಕರಗಿದ ಕಬ್ಬಿಣದ ಬಾನಿ.

ಮೂರನೆಯ ದಿನ ಮ್ಯಾನೇಜರು ಹಾಳೆಯನ್ನು ಮೇಜಿನ ಮೇಲಿಟ್ಟ. "ಇದು ನಿನ್ನ ಸಹಿ ತಾನೆ ಮುರುಗೇಶಪ್ಪ? ಕೊಕ್ಕೆ ಚೆನ್ನಾಗಿತ್ತು ಅಂತ ನೀನೇ ಬರೆದಿದೀಯ. ಚೆನ್ನಾಗಿತ್ತು ಅಂದ್ರೆ ತಪ್ಪು ಭೂತಪ್ಪಂದು, ನಿಲ್ಲಬಾರದ ಕಡೆ ನಿಂತಿದ್ದ. ಚೆನ್ನಾಗಿರಲಿಲ್ಲ ಅಂದ್ರೆ ಜೈಲಿಗೆ ಹೋಗೋನು ನೀನು. ಯಾವುದು ಬರೀಲಿ?"

ಹನ್ನೊಂದು ಕ್ರೇನಿಗೆ ಒಬ್ಬನೇ ಫಿಟ್ಟರನ್ನಿಟ್ಟವರು ಯಾರು ಎಂಬ ಪ್ರಶ್ನೆಗೆ ಆ ಹಾಳೆಯಲ್ಲಿ ಕಾಲಮ್ಮಿರಲಿಲ್ಲ.

ಚೆನ್ನಾಗಿತ್ತು, ಎಂದ ಮುರುಗೇಶಪ್ಪ. ಭೂತಪ್ಪನ ಹೆಸರು ಹಾಜರಿ ಪುಸ್ತಕದಿಂದ ಹೋಯಿತು. ಅದೇ ವರ್ಷ ಶಿವರಾಜನಿಗೆ ಸೂಪರ್‌ವೈಸರ್ ಕೆಲಸ ಸಿಕ್ಕಿತು, ಕೇಳದೆಯೇ ಸಿಕ್ಕಿತು. ಮುರುಗೇಶಪ್ಪ ಕೆಲಸ ಬಿಟ್ಟು ಮನೆ ಮುಂದೆ ತಗಡಿನ ಶೆಡ್ ಹಾಕಿಕೊಂಡು, ಹಳೆಯ ಸಣ್ಣ ಗಾಡಿಗಳನ್ನು ರಿಪೇರಿ ಮಾಡುತ್ತ ಕೂತ. ಒಂದೊಂದು ಬೋಲ್ಟನ್ನೂ ಮೂರು ಸಲ ನೋಡುತ್ತಿದ್ದ. ಗಿರಾಕಿಗಳು ಅವನನ್ನು ಹಿಂದಿನಿಂದ ಅನುಮಾನದ ಮುರುಗೇಶಪ್ಪ ಎನ್ನುತ್ತಿದ್ದರು.

*

"ಅಮ್ಮ, ನಿನಗೆ ಗೊತ್ತಿತ್ತಾ?"

ಮಹಾಂತಮ್ಮ ಗಂಡನ ಹೆಗಲಿನಿಂದ ಜಾರಿದ ಪಂಚೆಯನ್ನು ಸರಿಮಾಡುತ್ತಿದ್ದಳು. "ನಿದ್ದೇಲಿ 'ನೋಡಿಲ್ಲ, ನೋಡಿಲ್ಲ' ಅಂತಿದ್ರು. ಏನು ನೋಡಿಲ್ಲ ಅಂತ ನಾನೂ ಕೇಳ್ಲಿಲ್ಲ. ಕೇಳಿದ್ರೆ ಹೇಳಿಬಿಟ್ರೆ ಏನು ಮಾಡ್ಲಿ ಅಂತ."

ಅಯ್ಯನವರು ಎಡ ಅಂಗೈಯ ಮೇಲೆ ವಿಭೂತಿ ಬಳಿದು ಲಿಂಗ ಇಟ್ಟರು. ಬಿಳಿಯ ಅಂಗೈ, ಸುತ್ತ ಐದು ಕಪ್ಪು ಉಗುರು. ಈಗ ಎಲ್ಲಿಂದಲಾದರೂ ಒಂದು ಕಪ್ಪು ಗೆರೆ ಮೂಡಿಬರುತ್ತದೆಯೇನೋ ಎಂದು ಸ್ಫೂರ್ತಿ ಕಣ್ಣು ಮಿಟುಕಿಸದೆ ಕಾದಳು. ಮದುವೆ ಕಾರ್ಡು ತಟ್ಟುವುದನ್ನು ಕಲಿಸಿದ ಕೈಯೂ ಇದೇ, ಪೆನ್ನು ಬದಲಿಸಿ ಬದಲಿಸಿ ಸುಳ್ಳು ಬರೆದ ಕೈಯೂ ಇದೇ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಅವಳಿಗೆ ಬರಲಿಲ್ಲ. ಯಾವುದನ್ನು ಬಿಡುವುದೆಂದೂ ತಿಳಿಯಲಿಲ್ಲ.

ಎರಡು ಗಂಟೆಗೆ ವಿಮಾನ ಎದ್ದಿತು. ಬಿದಿರು, ಬಾಳೆ, ಚೆಂಡುಹೂವಿನ ಆ ಪೀಠದಲ್ಲಿ ಮುರುಗೇಶಪ್ಪನನ್ನು ಕೂರಿಸಿ ನಾಲ್ವರು ಹೆಗಲು ಕೊಟ್ಟರು. ಭಜನೆಯವರು ಮುಂದೆ ನಡೆದರು. ರುದ್ರಭೂಮಿ ಚಾನಲ್ ಏರಿಯ ಮೇಲೆ ಒಂದೂವರೆ ಕಿಲೋಮೀಟರು.

"ಏರಿ ಮೇಲೆ ಆಟೋ ಹೋಗಲ್ಲ," ಎಂದ ಶಿವರಾಜ್, ಭೂತಪ್ಪನ ಕಡೆ ನೋಡದೆ. "ಇಲ್ಲೇ ಕೈ ಮುಗಿದು ಹೊರಡು. ಅಷ್ಟು ದೂರ ಕುಂಟ್ಕೊಂಡು ಬರೋದು ಯಾಕೆ?"

"ಬರ್ತೀನಿ," ಎಂದ ಭೂತಪ್ಪ.

"ನೀನು ತಲುಪೋ ಹೊತ್ತಿಗೆ ಮಣ್ಣು ಮುಚ್ಚಿ ಆಗಿರ್ತದೆ ಮಾರಾಯ!"

ಶೆಡ್ಡಿನಲ್ಲಿ ಕಿಕ್ ಹೊಡೆದ ಸದ್ದಾಯಿತು. ಒಂದು, ಎರಡು. ಮೂರನೆಯದಕ್ಕೆ ಇಂಜಿನ್ನು ಹಿಡಿದುಕೊಂಡಿತು. ಸ್ಫೂರ್ತಿ ಗಿಡ್ಡಿಯನ್ನು ಅಂಗಳಕ್ಕೆ ತಂದಳು.

"ಹತ್ತಿ ಮಾವ."

ಶಿವರಾಜ್ ಹ್ಯಾಂಡಲ್ ಹಿಡಿದ. "ಏನಿದು? ಹೆಣದ ಹಿಂದೆ ಟಪಟಪ ಅಂತ ಗಾಡಿ ತರ್ತೀಯಾ? ನೋಡಿದವರು ಏನಂತಾರೆ? ಅಯ್ನೋರೇ, ನೀವಾದ್ರೂ ಹೇಳಿ."

ಅಯ್ಯನವರು ಗಾಡಿಯನ್ನೂ ಭೂತಪ್ಪನ ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಕಾಲನ್ನೂ ನೋಡಿದರು. "ನಡೆಯೋಕಾಗದವರು ಬರಬಾರದು ಅಂತ ಎಲ್ಲೂ ಹೇಳಿಲ್ಲಪ್ಪ. ಹಾರನ್ ಹೊಡೀಬೇಡ ತಾಯಿ, ಅಷ್ಟೇ."

ಭೂತಪ್ಪ ಹಿಂದೆ ಕೂತ. ಊರುಗೋಲುಗಳನ್ನು ಉಚ್ಚಂಗಮ್ಮ ಹೆಗಲ ಮೇಲೆ ಹಾಕಿಕೊಂಡಳು. ಏರಿಯ ದಾರಿ ಕಿರಿದು, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ. ಮುಂದೆ ಹೆಗಲು ಕೊಟ್ಟವರ ಬೆನ್ನು, ಹಿಂದೆ ಹೆಂಗಸರು. ಗುದ್ದಿಬಿಟ್ಟರೆ ಎಂಬ ಭಯಕ್ಕೆ ಸ್ಫೂರ್ತಿ ಫಸ್ಟ್ ಗೇರು ಹಾಕಿ ಅರ್ಧ ಕ್ಲಚ್ಚಿನಲ್ಲೇ ಹೋದಳು. ಎರಡು ಕಂಬ ದಾಟುವಷ್ಟರಲ್ಲಿ ಎಡಗೈ ಬೆರಳು ಜೋಮು ಹಿಡಿಯಿತು. ಮೂರನೆಯ ಕಂಬದ ಹತ್ತಿರ ಇನ್ನು ಹಿಡಿಯಲಾಗದೆ ಕ್ಲಚ್ಚನ್ನು ಪೂರ್ತಿ ಬಿಟ್ಟಳು, ಹೆದರಿ ಆಕ್ಸಿಲರೇಟರನ್ನೂ ಬಿಟ್ಟಳು.

ಗಾಡಿ ಹಾರಲಿಲ್ಲ. ನಿಂತೂ ಹೋಗಲಿಲ್ಲ. ನಡೆಯಿತು.

ಹೆಗಲು ಕೊಟ್ಟವರು ಒಂದು ಹೆಜ್ಜೆ ಇಟ್ಟರೆ ಒಂದು ಹೆಜ್ಜೆಯಷ್ಟು. ಪಕ್ಕದಲ್ಲಿ ಉಚ್ಚಂಗಮ್ಮ ಮುಂದೆ ಹೋಗಲಿಲ್ಲ, ಹಿಂದೆ ಬೀಳಲಿಲ್ಲ. ನಾಲ್ಕನೆಯ ಕಂಬ, ಐದನೆಯ ಕಂಬ. ಸ್ಫೂರ್ತಿಯ ಎರಡು ಕೈಗೂ ಹ್ಯಾಂಡಲ್ಲು ಹಿಡಿಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಭಾನುವಾರ ಅವಳು ಇದನ್ನು ಎಷ್ಟು ತಿರುವಿದ್ದಳು! ಕೈ ಬಿಟ್ಟು ಮಾತ್ರ ನೋಡಿರಲಿಲ್ಲ. ಫಸ್ಟ್ ಗೇರಲ್ಲಿ ಹೋಗಿ ನೋಡಿದ್ಯಾ, ಎಂದು ಅವನು ಕೇಳಿದ್ದ.

"ಭೂತಪ್ಪ ಮಾವ," ಎಂದಳು, ತಿರುಗದೆ. "ನೀವು ನಮ್ಮಪ್ಪನ್ನ ಕ್ಷಮಿಸಿದ್ರಾ?"

ಭೂತಪ್ಪ ಸೀಟಿನ ಅಂಚು ಹಿಡಿದು ಸರಿದು ಕೂತ.

"ಮೊದಲ ಸಲ ಬಂದು ಆ ಟಿಕ್ಕೆಲ್ಲ ಸುಳ್ಳು ಅಂತ ಹೇಳಿದಾಗ ಊರುಗೋಲಲ್ಲಿ ಹೊಡೆದೆ. ಭುಜಕ್ಕೆ ಬಿತ್ತು. ಸುಮ್ಮನೆ ನಿಂತಿದ್ದ. ಇನ್ನೊಂದು ಹೊಡೀತೀನಿ ಅಂತ ಎತ್ತಿದ್ರೆ ನಾನೇ ಬಿದ್ದೆ. ಎತ್ತಿ ಕೂರಿಸಿದ." ಮತ್ತೊಂದು ಕಂಬ ದಾಟಿತು. "ಕ್ಷಮಿಸೋದು ಸೋಮವಾರ ಅಂದ್ಕೊಂಡಿದ್ದೆ. ಅಲ್ಲಿ, ಎಲ್ಲರ ಮುಂದೆ ಹೇಳಲಿ, ಆಮೇಲೆ ನೋಡೋಣ ಅಂತ. ಈಗ ಹೇಳೋನೂ ಇಲ್ಲ. ಏನು ಮಾಡ್ಬೇಕು ಅಂತ ನಂಗೆ ಗೊತ್ತಾಗ್ತಿಲ್ಲ ಮಗಳೇ."

ರುದ್ರಭೂಮಿಯಲ್ಲಿ ಗುಂಡಿಯೊಳಗೆ ಗೂಡು ತೋಡಿದ್ದರು. ಮುರುಗೇಶಪ್ಪನನ್ನು ಅಲ್ಲಿ ಕೂರಿಸಿ, ಸುತ್ತ ವಿಭೂತಿ ಗಟ್ಟಿ, ಉಪ್ಪು, ಬಿಲ್ವಪತ್ರೆ ತುಂಬಿದರು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದರು. ಮಹಾಂತಮ್ಮ ಹಾಕಿದಳು, ಸ್ಫೂರ್ತಿ ಹಾಕಿದಳು. ಶಿವರಾಜ್ ಹಾಕುವಾಗ ಒಮ್ಮೆಲೇ ಮಗುವಿನಂತೆ ಅತ್ತ, ಇಬ್ಬರು ಹಿಡಿದುಕೊಳ್ಳಬೇಕಾಯಿತು. ಭೂತಪ್ಪ ಬಗ್ಗಿ ಒಂದು ಹಿಡಿ ತೆಗೆದುಕೊಂಡ. ಗುಂಡಿಯ ಅಂಚಿನಲ್ಲಿ ನಿಂತ. ಹಿಂದಿದ್ದವರು ಕಾದರು. ಅವನು ಹಾಕಲಿಲ್ಲ. ಮುಷ್ಟಿ ಮುಚ್ಚಿಕೊಂಡೇ ಪಕ್ಕಕ್ಕೆ ಸರಿದ.

ವಾಪಸು ಬರುವಾಗಲೂ ಆ ಮುಷ್ಟಿ ಸ್ಫೂರ್ತಿಯ ಬೆನ್ನಿಗೆ ಕಲ್ಲಿನ ಹಾಗೆ ಒತ್ತುತ್ತಿತ್ತು. ಏರಿಯ ಧೂಳಿನಲ್ಲಿ, ಹೋಗುವಾಗ ಗಿಡ್ಡಿ ಬಿಟ್ಟ ಎಣ್ಣೆಯ ಹನಿಗಳು ರುದ್ರಭೂಮಿಯಿಂದ ಮನೆಯವರೆಗೂ ಸಾಲಾಗಿ ಬಿದ್ದಿದ್ದವು.

ಅಂಗಳದಲ್ಲಿ ಕೈಕಾಲು ತೊಳೆಯಲು ಹಂಡೆಯ ನೀರು ಇಟ್ಟಿದ್ದರು. ಸ್ಫೂರ್ತಿ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಉಚ್ಚಂಗಮ್ಮನನ್ನು ಕೇಳಿದಳು:

"ಸೋಮವಾರ ಎಷ್ಟು ಗಂಟೆಗೆ ಹೊರಡ್ತೀರಿ?"

"ಆರಕ್ಕೆ. ಬಿಸಿಲೇರೋ ಮೊದಲು."

ಮುಖ ತೊಳೆಯುತ್ತಿದ್ದ ಶಿವರಾಜ್ ಚೊಂಬು ಕೆಳಗಿಟ್ಟ. "ಸ್ಫೂರ್ತಿ. ಸತ್ತು ಎರಡು ದಿನ ಆಗಿಲ್ಲ. ನಿಮ್ಮಪ್ಪನ ಹೆಸರು ನೀನೇ ಹೋಗಿ ಬೀದೀಲಿ ಹರಾಜು ಹಾಕ್ತೀಯಾ? ಅವನು ಸುಳ್ಳುಗಾರ ಅಂತ ಹೇಳ್ತೀಯಾ?"

"ಗೊತ್ತಿಲ್ಲ ಚಿಕ್ಕಪ್ಪ."

"ಗೊತ್ತಿಲ್ಲ ಅಂದ್ರೆ?"

"ಅಲ್ಲಿ ಏನು ಹೇಳ್ತೀನೋ ನನಗೆ ಇನ್ನೂ ಗೊತ್ತಿಲ್ಲ. ಇವರನ್ನ ಕರ್ಕೊಂಡು ಹೋಗ್ತೀನಿ, ಅಷ್ಟು ಗೊತ್ತು." ಜೇಬಿನಿಂದ ಸೀಲು ತೆಗೆದು ಬೆಂಚಿನ ಮೇಲಿಟ್ಟಳು. "ಇದನ್ನ ಹಾಕೋಕೆ ಎರಡು ಗಂಟೆ ಸಾಕು."

"ಸತ್ತವನ ಮಗಳು ಹೇಳಿದ್ದನ್ನ ಯಾರು ಬರ್ಕೋತಾರಮ್ಮ?" ಎಂದಳು ಉಚ್ಚಂಗಮ್ಮ. ಅದು ಚುಚ್ಚುಮಾತೋ ಎಚ್ಚರಿಕೆಯೋ ಗೊತ್ತಾಗಲಿಲ್ಲ. "ಬಾ. ಚಪ್ಪಲಿ ಗಟ್ಟಿ ಇರೋದು ಹಾಕ್ಕೊಂಡು ಬಾ. ಗಾಡಿ ಕೆಟ್ರೆ ತಳ್ಬೇಕಾಗ್ತದೆ."

ಶಿವರಾಜನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವನು ತೆಗೆಯಲಿಲ್ಲ.

ಭೂತಪ್ಪ ಸ್ಟೂಲಿನ ಮೇಲೆ ಕೂತಿದ್ದ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಇನ್ನೂ ಮುಷ್ಟಿ. ಅವನ ಎದುರು, ಗಿಡ್ಡಿಯ ಹೊಟ್ಟೆಯಡಿ, ಮುಂದಿನ ಹಲ್ಲುಚಕ್ರದ ಹಿಂದಿನಿಂದ ಒಂದು ಹನಿ ಎಣ್ಣೆ ಇಳಿದು ನೆಲಕ್ಕೆ ಬಿತ್ತು. ಅದರ ಮೇಲೆ ಇನ್ನೊಂದು. ನಾಣ್ಯದಗಲ ಆಯಿತು. ಸ್ಫೂರ್ತಿ ಮೂಲೆಯ ಡಬ್ಬದ ಕಡೆ ತಿರುಗಿದಳು.

"ಇರು," ಎಂದ ಭೂತಪ್ಪ.

ಸ್ಟೂಲಿನಿಂದ ಮುಂದಕ್ಕೆ ಬಾಗಿದ. ಎಣ್ಣೆಯ ಮೇಲೆ ಕೈ ಚಾಚಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ರುದ್ರಭೂಮಿಯ ಕೆಂಪು ಮಣ್ಣು, ಬೆವರಿಗೆ ಅಂಟಿ ಹೆಂಟೆಯಾಗಿದ್ದದ್ದು, ಮೆಲ್ಲಗೆ ಉದುರಿತು. ಕೊನೆಗೆ ಅಂಗೈಯನ್ನು ತೊಡೆಗೆ ಒರೆಸಿಕೊಂಡ. ನೆಲದ ಮೇಲಿನ ಆ ಕೆಂಪು ಹಿಡಿಯ ಅಂಚು ಮೊದಲು ಕಪ್ಪಾಯಿತು, ಆಮೇಲೆ ಕಪ್ಪು ನಿಧಾನವಾಗಿ ಒಳಗೆ, ನಡುವಿನ ಕಡೆಗೆ ಏರತೊಡಗಿತು.